ಬಿಚ್ಚಿ ತೋರಿಸದ ಎಂಜಿನ್

ನನ್ನ ಅಕ್ಕನ ಮಗ ಮಿರಜದಲ್ಲಿದ್ದಾನೆ. ಅವನ ಹತ್ತಿರ ಸುಮಾರು ಇಪ್ಪತ್ತೈದು ವರ್ಷ ಹಳೆಯ ಹೋಂಡಾ ಸಿಟಿ ವಿಟೆಕ್ ಇದೆ. 106 ಅಶ್ವಶಕ್ತಿಯ ಆ ಕಾರನ್ನು ಇಟ್ಟುಕೊಂಡವರು ಸ್ಪೋರ್ಟ್ಸ್ ಕಾರೆಂದೇ ಕರೆಯುತ್ತಾರೆ, ಹಾಗೆಯೇ ಓಡಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ಅದರ ಎಂಜಿನ್ ಕೈಕೊಟ್ಟಿತು. ಅವನು ಮೊಬೈಲಿನಲ್ಲಿ ಹುಡುಕಿ, ‘ಫುಲ್ ರೀಬಿಲ್ಡ್, ಝೀರೋ ಕಿಲೋಮೀಟರ್’ ಎಂದು ಬರೆದಿದ್ದ ಎಂಜಿನ್ ಒಂದಕ್ಕೆ ಎಂಬತ್ತು ಸಾವಿರ ರೂಪಾಯಿ ಕಳಿಸಿದ. ಹನ್ನೆರಡು ದಿನಕ್ಕೆ ಮರದ ಪೆಟ್ಟಿಗೆ ಬಂತು. ಒಳಗೆ ಬೆಳ್ಳಿ ಬಣ್ಣ ಬಳಿದು, ಒರೆಸಿ, ಪ್ಲಾಸ್ಟಿಕ್ ಸುತ್ತಿದ ಎಂಜಿನ್. ಹೊಸ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಸಾಂಗಲಿ ರಸ್ತೆಯ ಮಿಸ್ತ್ರಿ ಅದನ್ನು ಕಾರಿಗೆ ಏರಿಸಲು ಒಪ್ಪಲಿಲ್ಲ. ‘ಮೊದಲ ಚೇಂಬರ್ ಇಳಸೂಣು, ಆಮ್ಯಾಗ ಮಾತಾಡೂಣು’ ಅಂದರು. ಆಯಿಲ್ ಚೇಂಬರ್ ಬಿಚ್ಚಿದಾಗ ಎಣ್ಣೆ ಹೀರುವ ಜಾಳಿಗೆಯಲ್ಲಿ ಬೂದು ಬಣ್ಣದ ಸಿಲಿಕಾನ್ ಎಳೆಗಳು ಶಾವಿಗೆಯಂತೆ ಸಿಕ್ಕಿಕೊಂಡಿದ್ದವು. ಗ್ಯಾಸ್ಕೆಟ್ ಬದಲು ಗಮ್ ಮೆತ್ತಿ ಬಿಗಿದಿದ್ದರು. ಹೆಚ್ಚಾದದ್ದು ಒಳಕ್ಕೆ ಹಿಂಡಿ ಬಂದಿತ್ತು. ಹೆಡ್ ತೆಗೆದರು. ನಾಲ್ಕು ಪಿಸ್ಟನ್ನುಗಳನ್ನು ಒಂದೊಂದಾಗಿ ಮೇಲಕ್ಕೆ ತಂದು ವರ್ನಿಯರ್ ಹಿಡಿದು ನೋಡಿದರು. ಮೂರು ಒಂದೇ ಮಟ್ಟಕ್ಕೆ ಬಂದವು, ಮೂರನೆಯ ಸಿಲಿಂಡರಿನದು ಒಂದು ಮಿಲಿಮೀಟರಿಗೂ ಹೆಚ್ಚು ಕೆಳಗೆ ನಿಂತಿತು. ಅಂದರೆ ಕನೆಕ್ಟಿಂಗ್ ರಾಡ್ ಬಾಗಿದೆ. ನೀರಿನ ಜಾಕೆಟ್ಟಿನ ಬಿರಡೆ ತೆಗೆದಾಗ ಒಳಗೆ ಕೆಂಪು ಮಿಶ್ರಿತ ನುಣುಪು ಮಣ್ಣು. ಮಿಸ್ತ್ರಿ ಅದನ್ನು ಬೆರಳಿನಿಂದ ತೆಗೆದು ತೋರಿಸಿದರು. ‘ನೋಡ್ರಿ, ಇದು ನೀರಾಗ ಮುಣಗಿದ್ದು.’

‘ಮಾಮಾ, ಫೋಟೋದಾಗ ಎಷ್ಟು ಚಂದ ಇತ್ತು’ ಎಂದ ಹುಡುಗ. ಅವನ ದನಿಯಲ್ಲಿದ್ದ ಅವಮಾನ ನನ್ನನ್ನು ಇನ್ನೂ ಕಾಡುತ್ತದೆ. ಅವನು ದಡ್ಡನಲ್ಲ, ಅವಸರದವನೂ ಅಲ್ಲ. ಇಪ್ಪತ್ತು ಫೋಟೋ ತರಿಸಿಕೊಂಡಿದ್ದ, ಸ್ಟಾರ್ಟ್ ಮಾಡಿದ ವಿಡಿಯೋ ನೋಡಿದ್ದ, ಕಂಪ್ರೆಶನ್ ಗೇಜಿನ ಚಿತ್ರ ಕೇಳಿ ಪಡೆದಿದ್ದ. ಒಬ್ಬ ಜಾಗರೂಕ ಗಿರಾಕಿ ಕೇಳಬಹುದಾದದ್ದನ್ನೆಲ್ಲ ಕೇಳಿದ್ದ. ಅಷ್ಟಾದರೂ ಅವನಿಗೆ ಬೇಕಿದ್ದ ಒಂದೇ ಒಂದು ಸಂಗತಿಯೂ ಅವನಿಗೆ ತಲುಪಿರಲಿಲ್ಲ. ಈ ಲೇಖನ ಬರೆಯಲು ಕಾರಣ ಅದೇ.

ರೀಬಿಲ್ಡ್ ಎಂಜಿನ್ ಎಂದು ಮಾರಾಟವಾಗುವುದು ಕಬ್ಬಿಣವಲ್ಲ, ಒಬ್ಬ ಕೆಲಸಗಾರನ ಮಾತು. ‘ನಾನು ಇದನ್ನು ಪೂರ್ತಿ ಬಿಚ್ಚಿದೆ, ಅಳೆದೆ, ಸವೆದದ್ದನ್ನು ಬದಲಿಸಿದೆ, ಹೇಳಿದಷ್ಟೇ ಬಲದಿಂದ ಬಿಗಿದೆ’ ಎಂಬ ಮಾತು. ಆ ಮಾತು ನಿಜವೋ ಸುಳ್ಳೋ ಎಂಬುದೆಲ್ಲ ಒಳಗಿರುತ್ತದೆ. ಸಿಲಿಂಡರಿನ ಗೋಡೆಗೂ ಪಿಸ್ಟನ್ನಿಗೂ ನಡುವೆ ಇರಬೇಕಾದ ಸಂದು ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರೋ ನಾಲ್ಕೋ ಪಾಲು. ಕ್ರ್ಯಾಂಕ್ ಕೂರುವ ಬೇರಿಂಗಿನ ಸಂದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ತಲೆಗೂದಲು ಇದಕ್ಕಿಂತ ದಪ್ಪ. ಕೂದಲಿಗಿಂತ ತೆಳುವಾದ ಆ ಸಂದಿನಲ್ಲಿ ಎಣ್ಣೆಯ ಪದರ ನಿಂತರೆ ಎಂಜಿನ್ ಬದುಕುತ್ತದೆ, ನಿಲ್ಲದಿದ್ದರೆ ಉಳಿಯುವುದಿಲ್ಲ. ಯಾವ ಕ್ಯಾಮೆರಾ ಅದನ್ನು ಹಿಡಿದೀತು? ಫೋಟೋ ಹಿಡಿಯುವುದು ಬಣ್ಣವನ್ನು, ಹೊಸ ಬೋಲ್ಟನ್ನು, ಹೊಳೆವ ವಾಲ್ವ್ ಕವರನ್ನು. ಎಂಜಿನ್ನಿನ ಆಯುಷ್ಯಕ್ಕೆ ಇವುಗಳಿಂದ ಏನೂ ಆಗಬೇಕಾಗಿಲ್ಲ.

ವಿಡಿಯೋದ ಕತೆಯೂ ಹೀಗೆಯೇ. ದಪ್ಪ ಎಣ್ಣೆ ಹಾಕಿದರೆ ಸವೆದ ಬೇರಿಂಗ್ ಕೆಲ ನಿಮಿಷ ಸುಮ್ಮನಿರುತ್ತದೆ. ಕಂಪ್ರೆಶನ್ ನೋಡುವ ಮೊದಲು ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟರೆ ಸವೆದ ರಿಂಗುಗಳ ಸಂದು ಮುಚ್ಚಿ ಗೇಜಿನ ಮುಳ್ಳು ಏರುತ್ತದೆ. ಮಿಸ್ತ್ರಿಗಳು ರಿಂಗು ಕೆಟ್ಟಿದೆಯೋ ವಾಲ್ವ್ ಕೆಟ್ಟಿದೆಯೋ ಎಂದು ಪತ್ತೆಹಚ್ಚಲು ಇದೇ ಉಪಾಯ ಬಳಸುತ್ತಾರೆ, ಮಾರುವವನು ಅದನ್ನೇ ಕೆಟ್ಟದ್ದನ್ನು ಮರೆಸಲು ಬಳಸಬಲ್ಲ. ಅಲ್ಲದೆ ಗೇಜಿನ ಫೋಟೋ ಯಾವ ಎಂಜಿನ್ನಿನದು ಎಂದು ಹೇಳುವವರು ಯಾರು?

ಹಳೆಯ ಎಂಜಿನ್ ಬಿಚ್ಚಿ ಕಟ್ಟುವುದು ನಮ್ಮ ಭಾಗಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದು ಈಗಿನ ಸಾಂಗಲಿ ಜಿಲ್ಲೆಯಲ್ಲಿದೆ, ಮಿರಜದಿಂದ ಪುಣೆಯ ರೈಲು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಕಬ್ಬಿಣದ ನೇಗಿಲಿನಿಂದ ಮೊದಲಾಗಿ ಪಂಪಿನವರೆಗೆ ಅಲ್ಲಿಂದ ಬಂದ ಸಾಮಾನು ಕೃಷ್ಣಾ ತೀರದ ರೈತರನ್ನು ಯಂತ್ರಕ್ಕೆ ಪರಿಚಯಿಸಿತು. ಮುಂದೆ ಆಯಿಲ್ ಎಂಜಿನ್ನುಗಳು ಬಂದವು. ಬಾವಿಯ ದಂಡೆಯ ಮೇಲೆ ಗುಡುಗುಡು ಎನ್ನುತ್ತಿದ್ದ ಆ ಎಂಜಿನ್ನುಗಳನ್ನು ನಮ್ಮ ಹಿರಿಯರು ಮೂರು ಸಲ, ನಾಲ್ಕು ಸಲ ಬೋರ್ ಮಾಡಿಸಿ ಓಡಿಸಿದ್ದಾರೆ. ಜತ್ತ ತಾಲೂಕಿನ ಕನ್ನಡದ ಹಳ್ಳಿಗಳಲ್ಲಿ, ಅಥಣಿ ಕಡೆ, ಒಂದೇ ಎಂಜಿನ್ ಅಜ್ಜನಿಂದ ಮೊಮ್ಮಗನವರೆಗೆ ಬಂದದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ ‘ರೀಬಿಲ್ಡ್’ ಎಂಬ ಮಾತಿಗೆ ಇಲ್ಲಿ ಯಾರೂ ಹೆದರುವುದಿಲ್ಲ. ಅದಕ್ಕೆ ಮರ್ಯಾದೆ ಇದೆ.

ಆದರೆ ಆ ಮರ್ಯಾದೆಗೆ ಎರಡು ಆಧಾರಗಳಿದ್ದವು. ಒಂದು, ಯಂತ್ರದ ವೇಗ. ಹಳೆಯ ಲಿಸ್ಟರ್ ಮಾದರಿಯ ಎಂಜಿನ್ನುಗಳು ನಿಮಿಷಕ್ಕೆ 650 ಸುತ್ತು ತಿರುಗುತ್ತಿದ್ದವು, ಆಮೇಲಿನವು 1500. ಸ್ಪೋರ್ಟ್ಸ್ ಕಾರಿನ ಎಂಜಿನ್ 7000ದ ಹತ್ತಿರ ತಿರುಗುತ್ತದೆ. ವೇಗ ಎರಡರಷ್ಟಾದರೆ ಪಿಸ್ಟನ್ನು ರಾಡನ್ನು ಜಗ್ಗುವ ಬಲ ನಾಲ್ಕರಷ್ಟಾಗುತ್ತದೆ. ಒಂದೇ ತೂಕದ ಪಿಸ್ಟನ್ನು 1500ರಲ್ಲಿ ಹಾಕುವ ಬಲಕ್ಕೆ ಹೋಲಿಸಿದರೆ 7000ದಲ್ಲಿ ಹಾಕುವುದು ಸುಮಾರು 22 ಪಟ್ಟು. ಬಾವಿ ದಂಡೆಯ ಎಂಜಿನ್ ಕ್ಷಮಿಸಿಬಿಡುತ್ತಿದ್ದ ತಪ್ಪನ್ನು ಈ ಎಂಜಿನ್ ಕ್ಷಮಿಸುವುದಿಲ್ಲ. ರಾಡಿನ ಒಂದು ಬೋಲ್ಟ್ ಹಳೆಯದೇ ಉಳಿದಿದ್ದರೆ ಪಂಪ್‌ಸೆಟ್ ಇನ್ನೂ ಐದು ವರ್ಷ ನೀರೆತ್ತೀತು. ಇಲ್ಲಿ ಅದೇ ಬೋಲ್ಟ್ ಕಡಿದರೆ ರಾಡು ಬ್ಲಾಕನ್ನೇ ಸೀಳಿ ಹೊರಬರುತ್ತದೆ. ಕಾರು ಆಗ ಹೆದ್ದಾರಿಯಲ್ಲಿರುತ್ತದೆ, ಒಳಗೆ ಮನುಷ್ಯರಿರುತ್ತಾರೆ.

ಎರಡನೆಯದು ಇದಕ್ಕಿಂತ ಮುಖ್ಯ. ಎಂಜಿನ್ ಕಟ್ಟಿದ ಮಿಸ್ತ್ರಿ ಪಕ್ಕದ ಊರಿನಲ್ಲೇ ಇದ್ದ. ಎಂಜಿನ್ ಕೆಟ್ಟರೆ ರೈತ ಅವನ ಮನೆ ಬಾಗಿಲಿಗೆ ಹೋಗಿ ಕೂರುತ್ತಿದ್ದ. ಜಾತ್ರೆಯಲ್ಲಿ, ಮದುವೆಯಲ್ಲಿ, ಸಂತೆಯಲ್ಲಿ ಇಬ್ಬರೂ ಮುಖಾಮುಖಿ ಆಗಲೇಬೇಕಿತ್ತು. ಆ ನಾಚಿಕೆಯೇ ಗ್ಯಾರಂಟಿ ಕಾರ್ಡು. ಪರದೆಯ ಮೇಲಿನ ವ್ಯಾಪಾರ ‘ರೀಬಿಲ್ಡ್’ ಎಂಬ ಹಳೆಯ ಮಾತಿನ ಮರ್ಯಾದೆಯನ್ನು ಉಳಿಸಿಕೊಂಡು, ಅದನ್ನು ಹೊತ್ತಿದ್ದ ಮನುಷ್ಯನನ್ನು ಮಾತ್ರ ಕೈಬಿಟ್ಟಿದೆ.

ಹಾಗಾದರೆ ಕಾಣದ ವಸ್ತುವನ್ನು ಕೊಳ್ಳುವುದೇ ತಪ್ಪೇ? ಹಾಗೆ ಹೇಳಲು ಸಾಂಗಲಿಯವರಿಗೆ ಬಾಯಿ ಬರುವುದಿಲ್ಲ. ಈ ಊರು ಬೆಳೆದದ್ದೇ ಕಾಣದ ಅರಿಶಿನದ ವ್ಯಾಪಾರದಿಂದ. ಕೃಷ್ಣೆಗೆ ವಾರಣೆ ಸೇರುವ ಹರಿಪುರದಲ್ಲಿ ನೆಲದೊಳಗೆ ಹಗೇವು ತೋಡಿ ಅರಿಶಿನ ತುಂಬಿಡುತ್ತಿದ್ದರು, ಮರಾಠಿಯವರು ಅದಕ್ಕೆ ಪೇವ ಎನ್ನುತ್ತಾರೆ. ವರ್ಷಗಟ್ಟಲೆ ಮಾಲು ಮಣ್ಣಿನ ಕೆಳಗಿರುತ್ತಿತ್ತು. ಇನ್ನೂ ಕೈಗೆ ಬಾರದ ಅರಿಶಿನದ ವಾಯಿದೆ ವ್ಯಾಪಾರವೂ ಇಲ್ಲಿ ಬಹುಕಾಲ ನಡೆದಿದೆ. ಇದೆಲ್ಲ ಸಾಧ್ಯವಾದದ್ದು ಮಾರುಕಟ್ಟೆ ತನಗೆ ತಾನೇ ಕಟ್ಟಿಕೊಂಡ ರೀತಿಯಿಂದ. ಚೀಲದಿಂದ ಹಿಡಿ ಅರಿಶಿನ ತೆಗೆದು, ಕೊಂಬು ಮುರಿದು, ಒಳಗಿನ ಬಣ್ಣ ನೋಡದೆ ಯಾರೂ ದರ ಹೇಳುವುದಿಲ್ಲ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ಅಡತಿ ಅಂಗಡಿಯವನಿರುತ್ತಾನೆ, ಅವನಿಗೆ ಹೆಸರಿದೆ, ಗಲ್ಲೆ ಇದೆ, ನಾಳೆ ಮತ್ತೆ ಅದೇ ಕಟ್ಟೆಯ ಮೇಲೆ ಕೂರಬೇಕಾದ ಕಟ್ಟುಪಾಡಿದೆ. ‘ಮುರಿದು ನೋಡು’ ಎಂಬುದು ಆ ಪೇಟೆಯ ಮೊದಲ ಶಾಸ್ತ್ರ. ಮುರಿದರೆ ಒಂದು ಕೊಂಬು ಹೋಗುತ್ತದೆ, ಮಾಲು ಉಳಿಯುತ್ತದೆ. ಎಂಜಿನ್ ಕೊಳ್ಳುವವನಿಗೆ ಮುರಿದು ನೋಡಲು ಕೊಂಬಿಲ್ಲ.

ಮಿರಜದ ತಂಬೂರಿಯೂ ಇದನ್ನೇ ಹೇಳುತ್ತದೆ. ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿವಾದ್ಯಗಳ ಕಡೆ ತಿರುಗಿದವು. ಸೊಲ್ಲಾಪುರ ಜಿಲ್ಲೆಯಿಂದ ಬರುವ ಸೋರೆಬುರುಡೆ, ಅದಕ್ಕೆ ಅಂಟಿಸುವ ಮರ, ತಂತಿ ಕೂರುವ ಕುದುರೆಯನ್ನು ಉಜ್ಜಿ ನಾದ ತುಂಬುವ, ಅಭ್ಯಾಸದಿಂದಷ್ಟೇ ಬರುವ ಜವಾರಿ. ಅಬ್ದುಲ್ ಕರೀಂ ಖಾನರು ನೆಲೆಸಿದ ಊರು ಇದು, ಅವರ ಸಮಾಧಿಯೂ ಇಲ್ಲಿನ ದರ್ಗಾದಲ್ಲಿದೆ. ದೂರದೇಶದ ಗಾಯಕರು ಮಿರಜಕ್ಕೆ ಬಾರದೆಯೇ ತಂಬೂರಿ ತರಿಸಿಕೊಳ್ಳುತ್ತಾರೆ. ಬುರುಡೆಯೊಳಗಿನ ಅಂಟು ಅವರಿಗೂ ಕಾಣುವುದಿಲ್ಲ. ಆದರೆ ಮಾಡಿದವನ ಹೆಸರು ಗೊತ್ತಿರುತ್ತದೆ, ವರ್ಷಗಳ ನಂತರ ದುರಸ್ತಿಗೆ ಕಳಿಸಿದರೆ ಅದೇ ಮನೆತನದ ಕೈಗೆ ಹೋಗುತ್ತದೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ನನಗೆ ಸಂತೋಷವಾದದ್ದು ಅದಕ್ಕೇ. ಸಾಂಗಲಿ ಅರಿಶಿನಕ್ಕೆ 2018ರಲ್ಲೇ ಸಿಕ್ಕಿತ್ತು. ದೂರದ ಗಿರಾಕಿಗೆ ‘ಇದು ಇಂಥಲ್ಲಿಂದ ಬಂತು’ ಎಂದು ಹೇಳುವ ವ್ಯವಸ್ಥೆ ಅದು. ರೀಬಿಲ್ಡ್ ಎಂಜಿನ್ನಿಗೆ ಅಂಥ ಊರಿಲ್ಲ, ಮನೆತನವಿಲ್ಲ, ಜಾಹೀರಾತು ಅಳಿಸಿದರೆ ಮಾರಿದವನೂ ಇಲ್ಲ.

ಮಿಸ್ತ್ರಿಯ ಬೆರಳಿನ ಮೇಲಿದ್ದ ಆ ಮಣ್ಣಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 2019ರ ಆಗಸ್ಟಿನಲ್ಲಿ ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿತ್ತು. ಅಲ್ಲಿ ಅಪಾಯದ ಮಟ್ಟವೇ 45 ಅಡಿ. 2005ರಲ್ಲಿ ಹರಿಪುರದ ಹಗೇವುಗಳಿಗೆ ನುಗ್ಗಿದ್ದ ನದಿ ಈ ಸಲ ಪೇಟೆಗೆ, ಕಾಲೊನಿಗಳಿಗೆ, ನೆಲಮಹಡಿಯ ಪಾರ್ಕಿಂಗುಗಳಿಗೆ ನುಗ್ಗಿತು. 2021ರಲ್ಲಿ ಮತ್ತೆ. ಎಷ್ಟೋ ಕಾರುಗಳು ದಿನಗಟ್ಟಲೆ ನೀರಿನಲ್ಲಿದ್ದವು. ನೀರು ಇಳಿದ ಮೇಲೆ ಮಾಲೀಕ ಆತುರದಿಂದ ಕೀಲಿ ತಿರುಗಿಸಿದರೆ ಏನಾಗುತ್ತದೆ? ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರು ತುಂಬಿದ್ದಾಗ ಪಿಸ್ಟನ್ ಮೇಲೆ ಬಂದರೆ ಸೋಲುವುದು ರಾಡು. ಅದು ಬಾಗಿ ಗಿಡ್ಡವಾಗುತ್ತದೆ. ಮಿಸ್ತ್ರಿ ವರ್ನಿಯರಿನಲ್ಲಿ ಹಿಡಿದದ್ದು ಅದನ್ನೇ. ಬಾಗಿದ ರಾಡಿನಿಂದಲೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ವಿಡಿಯೋಗೆ ಸಾಕಾಗುವಷ್ಟು ಹೊತ್ತು ಚೆನ್ನಾಗಿಯೇ ಓಡುತ್ತದೆ.

ದುರಸ್ತಿಯ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ. 75 ದಾಟಿದರೆ ವಿಮಾ ಕಂಪನಿಗಳು ಕಾರನ್ನು ಪೂರ್ಣ ನಷ್ಟವೆಂದು ಲೆಕ್ಕ ಹಾಕುತ್ತವೆ. ಮಾಲೀಕನಿಗೆ ಹಣ ಸಿಗುತ್ತದೆ, ಕಾರು ಗುಜರಿಯಾಗಿ ಹರಾಜಾಗುತ್ತದೆ. ಅಲ್ಲಿಂದ ಮುಂದೆ ಬಾಗಿಲು ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ ಹೋಗುತ್ತವೆ. ನೀರಿನ ಚರಿತ್ರೆ ಕಾರಿನ ಕಾಗದದ ಜೊತೆ ಉಳಿದುಬಿಡುತ್ತದೆ, ಎಂಜಿನ್ನಿನ ಜೊತೆ ಹೋಗುವುದಿಲ್ಲ. ಹುಡುಗನಿಗೆ ಬಂದ ಎಂಜಿನ್ ಯಾವ ನದಿಯದೋ ನನಗೆ ತಿಳಿಯದು. ಆದರೆ ನಮ್ಮ ಊರಿನ ನೆರೆಯಲ್ಲಿ ಮುಳುಗಿದವು ಎಲ್ಲೋ ಒಬ್ಬ ಹುಡುಗನ ಮನೆಗೆ ಬೆಳ್ಳಿ ಬಣ್ಣ ಬಳಿದುಕೊಂಡು ಹೋಗಿರುವುದು ಖಂಡಿತ ಸಾಧ್ಯ. ಮೋಸ ಹೋದವರ ಸಾಲಿನಲ್ಲಿ ಮಾತ್ರ ನಿಂತು ನಾವು ಮಾತಾಡಲಾಗದು.

ಇನ್ನೊಂದು ಚರಿತ್ರೆ ಕಳವಿನದು. ಮೇರಠದ ಸೋತಿಗಂಜ್ ಪೇಟೆ ದಶಕಗಳ ಕಾಲ ಕದ್ದ ವಾಹನಗಳನ್ನು ಬಿಚ್ಚಿ ಬಿಡಿಭಾಗ ಮಾರುವುದಕ್ಕೆ ಹೆಸರಾಗಿತ್ತು, 2021ರ ಡಿಸೆಂಬರಿನಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆ ಯಾವುದೋ ವಾಹನದ ಆರ್‌ಸಿಯಲ್ಲಿರುತ್ತದೆ. ನಿಮ್ಮ ಎಂಎಚ್-10 ನೋಂದಣಿಯ ಕಾರಿಗೆ ಗಡಿಯಾಚೆಯ ಕೆಎ-23 ನೋಂದಣಿಯ ಕಾರಿನ ಎಂಜಿನ್ ಕೂರಿಸಿದರೆ ಆರ್‌ಟಿಓ ಅನುಮತಿ ಪಡೆದು ಹೊಸ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಬೇಕು. ಅದಕ್ಕೆ ಹಳೆಯ ವಾಹನದ ಕಾಗದ ಬೇಕು, ಬಿಲ್ಲು ಬೇಕು. ಬರೆಸದೆ ಓಡಿಸಿದರೆ ಅಪಘಾತವಾದ ದಿನ ವಿಮೆಯವನು ಮೊದಲು ನೋಡುವುದೇ ಆ ಸಂಖ್ಯೆ. ಸಂಖ್ಯೆ ಉಜ್ಜಿ ಅಳಿಸಿದ ಎಂಜಿನ್ನನ್ನು ಅಗ್ಗವೆಂದು ಕೊಂಡವನು ‘ನನಗೆ ಗೊತ್ತಿರಲಿಲ್ಲ’ ಎಂದರೆ ಯಾರೂ ನಂಬುವುದಿಲ್ಲ. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಕೊಂಡವನನ್ನು ಕಾನೂನು ಬಿಡುವುದಿಲ್ಲ.

ಕಾನೂನು ಕೊಂಡವನನ್ನು ಕಾಯುವುದಿಲ್ಲವೇ? ಒಂದಿಷ್ಟು ಕಾಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗಿರಾಕಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವನ ಊರಿಗೆ ಅಲೆಯಬೇಕಿಲ್ಲ. ಇದು ದೊಡ್ಡ ಉಪಕಾರ. ಆದರೆ ಮಾರಿದವನು ವ್ಯಾಪಾರಿಯಾಗಿರಬೇಕು. ‘ನನ್ನ ಸ್ವಂತ ಕಾರಿನದು, ಮಾರುತ್ತಿದ್ದೇನೆ’ ಎನ್ನುವ ಖಾಸಗಿ ವ್ಯಕ್ತಿಯ ಮುಂದೆ ಉಳಿಯುವುದು 1930ರ ಸರಕು ಮಾರಾಟ ಕಾಯ್ದೆ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದು ಅದರ ಮೂಲ ನಿಲುವು. ಇದಕ್ಕಿಂತ ಕಠಿಣವಾದ ಸಿಕ್ಕು ಸಾಕ್ಷಿಯದು. ದೋಷ ತಿಳಿಯಬೇಕಾದರೆ ಎಂಜಿನ್ ಬಿಚ್ಚಲೇಬೇಕು. ಬಿಚ್ಚಿದ ಮರುಕ್ಷಣ ಮಾರಿದವನು ‘ನಿಮ್ಮ ಮಿಸ್ತ್ರಿಯೇ ಕೆಡಿಸಿದ’ ಎನ್ನುತ್ತಾನೆ. ನಮ್ಮ ಹುಡುಗನಿಗೂ ಇದೇ ಉತ್ತರ ಬಂತು, ಆಮೇಲೆ ಆ ನಂಬರು ಹತ್ತಲೇ ಇಲ್ಲ.

ಇದಕ್ಕೆ ಎದುರು ವಾದವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳೆಯ ಕಾರಿನ ಎಂಜಿನ್ ಹೊಸದಾಗಿ ಸಿಗುವುದಿಲ್ಲ. ಕರ್ನಾಟಕದ್ದೇ ಆದ ಸಿಪಾನಿ ಡಾಲ್ಫಿನ್ 1982ರಲ್ಲಿ ಬಂತು. ಫೈಬರ್ ಮೈ, ಇಂಗ್ಲೆಂಡಿನ ರಿಲಾಯಂಟ್ ಕಂಪನಿಯ 848 ಸಿಸಿ ಅಲ್ಯೂಮಿನಿಯಂ ಎಂಜಿನ್. ಹಗುರವಾದ ಆ ಪುಟ್ಟ ಕಾರನ್ನು ರ‍್ಯಾಲಿಗಳಲ್ಲಿ ಓಡಿಸಿದವರಿದ್ದಾರೆ. ಇಂದು ಒಂದು ಡಾಲ್ಫಿನ್ ಉಳಿಸಿಕೊಂಡವನಿಗೆ ಮಿರಜದಲ್ಲಾಗಲಿ ತುಮಕೂರಿನಲ್ಲಾಗಲಿ ಅದರ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗಲಾರದು. ಅವನಿಗೆ ಮೊಬೈಲಿನ ಪೇಟೆಯೇ ಆಸರೆ. ದೇಶದ ಇನ್ನೊಂದು ಮೂಲೆಯಲ್ಲಿ ಇದೇ ಹುಚ್ಚಿನ ಮತ್ತೊಬ್ಬನ ಶೆಡ್ಡಿನಲ್ಲಿ ಬಿದ್ದಿರುವ ಎಂಜಿನ್ ಅವನಿಗೆ ಸಿಗುವಂತೆ ಮಾಡಿದ್ದು ಅದೇ ಪೇಟೆ. ಹಳೆಯ ಯಂತ್ರವನ್ನು ಬಿಸಾಡದೆ ಉಳಿಸುವುದು ಒಳ್ಳೆಯ ಕೆಲಸ, ಆ ಪ್ರೀತಿ ನನಗೂ ಇದೆ. ಆದ್ದರಿಂದ ‘ಕೊಳ್ಳಲೇಬೇಡಿ’ ಎಂದು ನಾನು ಹೇಳಲಾರೆ.

ನನ್ನ ಮಾತು ಬೇರೆ. ಕೊಳ್ಳುವುದಾದರೆ ಬಿಚ್ಚಿದ್ದನ್ನು ಕೊಳ್ಳಿ. ಕಟ್ಟಿ, ಮುಚ್ಚಿ, ಬಣ್ಣ ಬಳಿದ ಎಂಜಿನ್ನಿಗೆ ಕೊಡುವ ಹೆಚ್ಚಿನ ಹಣವೆಲ್ಲ ಆ ಮುಚ್ಚುವ ಕೆಲಸಕ್ಕೇ ಹೋಗುತ್ತದೆ, ನಿಮಗೆ ಕಾಣದಿರುವುದೂ ಅದೇ ಕೆಲಸ. ಬ್ಲಾಕು, ಹೆಡ್ಡು, ಕ್ರ್ಯಾಂಕು ಬೇರೆ ಬೇರೆಯಾಗಿ ಬಂದರೆ ಮೈಕ್ರೋಮೀಟರಿಗೆ, ಬೋರ್ ಗೇಜಿಗೆ ಸಿಗುತ್ತವೆ, ಸುಳ್ಳು ಹೇಳುವುದಿಲ್ಲ. ಆಗ ನೀವು ಕೊಡುವುದು ಹಳೆಯ ಕಬ್ಬಿಣದ ಬೆಲೆ. ಉಳಿದ ಹಣವನ್ನು ನಿಮ್ಮ ಊರಿನ ಬೋರಿಂಗ್ ಅಂಗಡಿಗೆ ಕೊಡಿ. ಎಂಜಿನ್ ಬ್ಲಾಕುಗಳನ್ನು ಎರಕ ಹೊಯ್ಯುವ ಕಾರ್ಖಾನೆಗಳೇ ಕೊಲ್ಹಾಪುರದಲ್ಲಿವೆ, ಬೆಳಗಾವಿಯ ಉದ್ಯಮಬಾಗದಲ್ಲಿವೆ. ಅಳತೆ ಬಲ್ಲ ಕೈಗಳಿಗೆ ಈ ಭಾಗದಲ್ಲಿ ಬರವಿಲ್ಲ. ಬೋರನ್ನು 0.25 ಮಿಲಿಮೀಟರೋ 0.50 ಮಿಲಿಮೀಟರೋ ಹೆಚ್ಚಿಸುವಾಗ ನೀವು ಎದುರಿಗೆ ನಿಂತಿರಬಹುದು. ಖರ್ಚು ಸ್ವಲ್ಪ ಹೆಚ್ಚೇ ಬೀಳುತ್ತದೆ, ತಿಂಗಳು ಹೆಚ್ಚೇ ಹಿಡಿಯುತ್ತದೆ. ಆದರೆ ಆ ಎಂಜಿನ್ನಿಗೆ ಮತ್ತೆ ಒಬ್ಬ ಮನುಷ್ಯ ಸಿಗುತ್ತಾನೆ, ಕೆಟ್ಟರೆ ಹೋಗಿ ಕೂರಲು ಒಂದು ಬಾಗಿಲು ಸಿಗುತ್ತದೆ.

ಮಾರುವವರಿಗೂ ಇದನ್ನೇ ಕೇಳುತ್ತೇನೆ. ನೀರು ಕುಡಿದದ್ದನ್ನು ನೀರು ಕುಡಿದದ್ದು ಎಂದು ಬರೆಯಿರಿ. ಯಾರು ಕಟ್ಟಿದರು, ಯಾವ ಅಳತೆಗೆ ಬೋರ್ ಮಾಡಿದರು, ಯಾವ ಬೇರಿಂಗ್ ಹಾಕಿದರು, ಬಿಲ್ಲು ಎಲ್ಲಿದೆ ಎಂಬುದನ್ನು ಎಂಜಿನ್ನಿನ ಜೊತೆ ಕಳಿಸಿ. ಪ್ರಾಮಾಣಿಕವಾಗಿ ಎಂಜಿನ್ ಕಟ್ಟುವ ಮಿಸ್ತ್ರಿಗಳು ನಮ್ಮಲ್ಲಿ ಬಹಳ ಇದ್ದಾರೆ. ಬಣ್ಣ ಬಳಿದ ಸುಳ್ಳು ಅರ್ಧ ಬೆಲೆಗೆ ಮಾರಾಟವಾದಾಗ ಮೊದಲು ಸೋಲುವವರು ಅವರು. ಗಿರಾಕಿಗೆ ಎರಡರ ವ್ಯತ್ಯಾಸ ಪರದೆಯ ಮೇಲೆ ಕಾಣದು, ಅಗ್ಗದ್ದಕ್ಕೇ ಕೈ ಹೋಗುತ್ತದೆ. ಹೀಗೆ ನಾಲ್ಕು ವರ್ಷ ನಡೆದರೆ ಒಳ್ಳೆಯ ಕೆಲಸಗಾರ ಆ ಕೆಲಸವನ್ನೇ ಬಿಡುತ್ತಾನೆ. ನನಗೆ ಹುಡುಗನ ಎಂಬತ್ತು ಸಾವಿರಕ್ಕಿಂತ ಹೆಚ್ಚಿನ ಸಂಕಟ ಇದೇ.

ಆ ಎಂಜಿನ್ ಈಗಲೂ ಅಕ್ಕನ ಮನೆಯ ಹಿತ್ತಲಲ್ಲಿ ತಾಡಪಾಲಿನ ಕೆಳಗಿದೆ. ಕಾರಿನ ಮೂಲ ಎಂಜಿನ್ನನ್ನೇ ಮಿಸ್ತ್ರಿ ಇಳಿಸಿ, ಬೋರ್ ಮಾಡಿಸಿ, ಮಳೆಗಾಲದ ಕೊನೆಗೆ ಕಟ್ಟಿಕೊಟ್ಟರು. ಬಂದ ಎಂಜಿನ್ನಿನ ಬ್ಲಾಕು, ಹೆಡ್ಡು ಮಾತ್ರ ಮಾರೋಣ ಎಂದು ಹುಡುಗ ಹೋದ ತಿಂಗಳು ಜಾಹೀರಾತು ಹಾಕಿದ. ‘ನೀರಿನಲ್ಲಿ ಮುಳುಗಿದ್ದು. ಮೂರನೆಯ ರಾಡು ಬಾಗಿದೆ. ಪೂರ್ತಿ ಬಿಚ್ಚಿದೆ. ಬಂದು ಅಳೆದು ನೋಡಿ’ ಎಂದು ಬರೆದು ಗುಜರಿ ದರ ಹಾಕಿದ್ದಾನೆ. ಇದುವರೆಗೆ ಮೂರು ಜನ ಫೋನ್ ಮಾಡಿದ್ದಾರೆ, ಒಬ್ಬರು ವಿಜಯಪುರದಿಂದ. ಮೂವರೂ ಕೇಳಿದ್ದು ಬೋರಿನ ಅಳತೆ. ಫೋಟೋ ಯಾರೂ ಕೇಳಲಿಲ್ಲ.